ಎಕ್ಮೋ ಪಕ್ಕದಲ್ಲಿ ಕೂರುತ್ತಿದ್ದವರು

ಟಾರ್ಚು ಹಿಡಿದು ಬಗ್ಗಿದರೆ ಆ ಟೆಕ್ನಿಷಿಯನ್ನರ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಮೂಗಿನ ಮೇಲೆ ಮಾಸ್ಕ್ ಒತ್ತಿ ಒತ್ತಿ ಬಿದ್ದ ಕೆಂಪು ಗೆರೆ, ಉಸಿರಿಗೆ ಮಂಜಾಗುವ ಕನ್ನಡಕ. ನನ್ನ ಗಂಡನ ರಕ್ತ ಹರಿಯುತ್ತಿದ್ದ ಪಾರದರ್ಶಕ ಪೆಟ್ಟಿಗೆಯ ಮೂಲೆಮೂಲೆಗೂ ಬೆಳಕು ಹಾಯಿಸಿ, ಎಲ್ಲಾದರೂ ಹೆಪ್ಪುಗಟ್ಟಿದೆಯೇ ಎಂದು ಹುಡುಕುವುದು ಅವರ ಕೆಲಸ.

ನಾವು ಮೈಸೂರಿನವರು. ಗಂಡನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಚೆನ್ನೈಗೆ ಬಂದು, ಅಡ್ಯಾರಿನಲ್ಲಿ ನೆಲೆಸಿದ್ದೆವು. ನಾನು ಅಲ್ಲೇ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಗಂಡನ ಶ್ವಾಸಕೋಶ ಗಟ್ಟಿಯಾಗುತ್ತ ಬಂದು, ಕೊನೆಗೆ ಐಸಿಯುನಲ್ಲಿ, ಮೈಯಿಂದ ಹೊರಗೇ ರಕ್ತಕ್ಕೆ ಆಕ್ಸಿಜನ್ ಸೇರಿಸುವ ಎಕ್ಮೋ ಯಂತ್ರಕ್ಕೆ ಹಾಕಿದರು. ಯಾರಾದರೂ ದಾನ ಮಾಡಿದ ಶ್ವಾಸಕೋಶ ಸಿಗುವವರೆಗೆ ಕಾಯಬೇಕಿತ್ತು. ಆ ಯಂತ್ರ ನಡೆಸುವ ಟೆಕ್ನಿಷಿಯನ್ ಹಾಸನದ ಕಡೆಯವರು ಎಂದು ತಿಳಿದ ದಿನ ನನಗೆ ತವರಿನವರೇ ಸಿಕ್ಕಂತಾಗಿತ್ತು.

"ಅಕ್ಕ, ಈ ಪೈಪಲ್ಲಿ ಆಚೆ ಬರೋ ರಕ್ತ ನೇರಳೆಹಣ್ಣಿನ ಬಣ್ಣ, ಅಲ್ವಾ? ಪೆಟ್ಟಿಗೇಲಿ ಆಕ್ಸಿಜನ್ ತಗೊಂಡು, ಈ ಪೈಪಲ್ಲಿ ಕೆಂಪಗೆ ವಾಪಸ್ ಹೋಗುತ್ತೆ. ಎರಡೂ ಒಂದೇ ಬಣ್ಣ ಕಂಡ್ರೆ ತಕ್ಷಣ ನನ್ನ ಕರೀರಿ."

"ಹೃದಯದ ಕೆಲಸಾನೂ ಇದೇ ಮಾಡುತ್ತಾ?"

"ಇವ್ರ ಹೃದಯ ಚೆನ್ನಾಗೇ ಇದೆ. ಅದೂ ಸೋತೋರಿಗೆ ಪೈಪ್ ಬೇರೆ ಥರ ಹಾಕ್ತೀವಿ, ಆಗ ಎರಡನ್ನೂ ಮೆಷಿನ್ನೇ ನೋಡ್ಕೊಳುತ್ತೆ. ಆದ್ರೆ ಇದ್ರಿಂದ ವಾಸಿ ಆಗಲ್ಲ ಕಣಕ್ಕ. ಟೈಮ್ ಸಿಗುತ್ತೆ, ಅಷ್ಟೆ."

ಈ ಕೊನೆಯ ಮಾತನ್ನು ದಿನವೂ ಹೇಳುತ್ತಿದ್ದರು. ಸುಳ್ಳು ಭರವಸೆ ಕೊಡುವವರಲ್ಲ ಎಂದು ನಾನು ಅವರನ್ನು ನಂಬಿದ್ದು ಅದರಿಂದಲೇ. ಗಂಡನಿಗೆ ತನ್ನ ರಕ್ತವೇ ಕಣ್ಣಿಗೆ ಬೀಳದಿರಲೆಂದು ಪೈಪುಗಳ ಮೇಲೆ ಬಿಳಿ ಟವೆಲ್ ಹೊದಿಸುವರು. ಮೈಮುಟ್ಟುವ ಮೊದಲು "ಸಾರ್, ನಾನು ಬಂದೆ" ಎನ್ನುವರು.

ಗಂಡನಿಗೆ ಎಚ್ಚರವಿತ್ತು. ಗಂಟಲಿಗೆ ಟ್ಯೂಬ್ ಹಾಕಿದ್ದರಿಂದ ಮಾತಿರಲಿಲ್ಲ. ಹೇಳುವುದನ್ನು ಕಾಗದದ ಮೇಲೆ ಬರೆಯುತ್ತಿದ್ದರು. ಬ್ಯಾಂಕಿನಲ್ಲಿ ಜೀವಮಾನವಿಡೀ ಇಂಗ್ಲಿಷಿನಲ್ಲಿ ಬರೆದ ಆ ಕೈಗೆ ಈಗ ಕನ್ನಡವೊಂದೇ ಬರುತ್ತಿತ್ತು. ಅದನ್ನು ಓದಲು ಆ ವಾರ್ಡಿನಲ್ಲಿದ್ದವರು ಈ ಟೆಕ್ನಿಷಿಯನ್ ಒಬ್ಬರೇ. ನನಗೆ ಒಳಗೆ ಬಿಡುತ್ತಿದ್ದದ್ದು ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. "ಟೈಮ್ ಮುಡಿಂಜಿರುಚ್ಚು ಮಾ" ಎಂದು ನರ್ಸ್ ಹೊರಗೆ ಕಳಿಸಿದ ಮೇಲೆ ನಡೆದದ್ದನ್ನೆಲ್ಲ ಇವರೇ ಹೇಳಬೇಕು.

"ಕಾಫಿ ಕೇಳಿದ್ರು ಅಕ್ಕ. ಮಗಳ ಪರೀಕ್ಷೆ ಹೇಗಾಯ್ತು ಅಂದ್ರು."

ನಾನು ನಗುತ್ತ ಮನೆಗೆ ಹೋಗುತ್ತಿದ್ದೆ.

ನಾಲ್ಕನೆಯ ವಾರ ಸೋಂಕು ರಕ್ತಕ್ಕಿಳಿಯಿತು, ಮೂತ್ರಪಿಂಡಗಳೂ ನಿಂತವು. ಡಾಕ್ಟರು ಕೋಣೆಗೆ ಕರೆದು ಕೂರಿಸಿದರು. "ಇನಿಮೆ ಟ್ರಾನ್ಸ್‌ಪ್ಲಾಂಟ್ ಪಣ್ಣ ಮುಡಿಯಾದು ಮೇಡಮ್" ಎಂದರು. ಇನ್ನು ಶ್ವಾಸಕೋಶ ಸಿಕ್ಕರೂ ಹಾಕುವಂತಿಲ್ಲ. ಆಮೇಲೆ ಫೈಲಿನಿಂದ ಒಂದು ಹಾಳೆ ತೆಗೆದು ನನ್ನ ಮುಂದಿಟ್ಟರು. ಒಂದು ವಾರದ ಹಿಂದೆ ಬರೆದದ್ದಂತೆ, ಟೆಕ್ನಿಷಿಯನ್ ಓದಿ ಹೇಳಿದ್ದರಂತೆ. ಶ್ವಾಸಕೋಶ ಸಿಗುವ ಆಸೆ ಇನ್ನೂ ಇದ್ದದ್ದರಿಂದ ಕಾದೆವು ಎಂದರು.

ಅಕ್ಷರ ಸೊಟ್ಟಗಿದ್ದರೂ ಕೈ ನನ್ನ ಗಂಡನದೇ. "ಸಾಕು. ನಿಲ್ಲಿಸಿ. ಅವಳಿಗೆ ಈಗಲೇ ಹೇಳಬೇಡಿ. ಹೇಳಿದರೆ ನಗುತ್ತ ಬರುವುದಿಲ್ಲ."

ಒಂದು ವಾರ! ಆ ಏಳೂ ದಿನ ನಾನು ಹಾಸಿಗೆಯ ಪಕ್ಕ ನಿಂತು, ಹೊಸ ಶ್ವಾಸಕೋಶ ಬಂದ ಮೇಲೆ ಮೆಟ್ಟಿಲು ಹತ್ತುವ ಮಾತಾಡಿದ್ದೆ. ಕೇಳುತ್ತಿದ್ದವರಿಗೆ ಗೊತ್ತಿತ್ತು, ಯಂತ್ರದ ಪಕ್ಕ ಕೂತವರಿಗೂ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ.

ಕಾರಿಡಾರಿನಲ್ಲಿ ಟೆಕ್ನಿಷಿಯನ್ನರನ್ನು ತಡೆದೆ. "ಕಾಫಿ ಕೇಳಿದ್ರು ಅಂದ್ರಲ್ಲ?"

"ಅದೂ ನಿಜ ಅಕ್ಕ. ಎರಡೂ ಬರೆದಿದ್ರು."

"ನನ್ನ ಗಂಡನ ಕಾಗದ. ನನ್ನಿಂದ ಮುಚ್ಚಿಡೋಕೆ ನೀವ್ಯಾರು?"

ಅವರು ಕನ್ನಡಕ ತೆಗೆದರು, ಒರೆಸಲಿಲ್ಲ. "ಬರೆದೋರು ಹೇಳ್ಬೇಡಿ ಅಂದಿದ್ರು. ನಿಮಗೆ ಮಾಡಿದ್ದು ಮೋಸಾನೇ ಅಕ್ಕ. ಇಲ್ಲ ಅನ್ನಲ್ಲ."

ಗಂಡನ ಮೇಲೆ ಸಿಟ್ಟು ಮಾಡುವಂತಿರಲಿಲ್ಲ. ಅಷ್ಟನ್ನೂ ಅವರ ಮೇಲೆ ಹಾಕಿದೆ. ಇನ್ನು ನನ್ನ ಜೊತೆ ಮಾತಾಡಬೇಡಿ ಎಂದೆ.

ಎರಡು ದಿನ ಬಿಟ್ಟು, ಕಾಗದಗಳಿಗೆಲ್ಲ ಸಹಿಯಾದ ಮೇಲೆ, ಯಂತ್ರ ನಿಲ್ಲಿಸಲು ಬಂದವರೂ ಅವರೇ. ರಜೆಯಿತ್ತಂತೆ, ಬಿಟ್ಟು ಬಂದಿದ್ದರು. ನೋವಾಗದಂತೆ ನಿದ್ದೆಯ ಔಷಧಿ ಕೊಟ್ಟಾಗಿತ್ತು. ಮೊದಲು ಎಲ್ಲ ಅಲಾರಮ್‌ಗಳ ಸದ್ದು ಅಡಗಿಸಿದರು. "ಸಾರ್, ನಾನು ಬಂದೆ" ಎಂದರು. ನನ್ನ ಮುಖ ನೋಡಿ, ನಾನು ತಲೆಯಾಡಿಸುವವರೆಗೆ ಕಾದು, ಪಂಪನ್ನು ಸ್ವಲ್ಪಸ್ವಲ್ಪವೇ ಇಳಿಸಿದರು. ನನ್ನ ಕೈಯಲ್ಲಿದ್ದ ಕೈ ಕೊನೆಯವರೆಗೂ ಬೆಚ್ಚಗಿತ್ತು.

ಐದಾರು ತಿಂಗಳಾದ ಮೇಲೆ ಅವರ ಫೋನು ಬಂತು. "ಕೇಳೋ ಮುಖ ನನಗಿಲ್ಲ ಅಕ್ಕ. ಮಂಡ್ಯದಿಂದ ಒಬ್ಬರು ಬಂದವ್ರೆ, ಗಂಡ ಎಕ್ಮೋ ಮೇಲವ್ರೆ. ತಮಿಳು ಬರಲ್ಲ, ಮೆಷಿನ್ ಕಂಡ್ರೆ ನಡುಗ್ತಾರೆ. ಒಂದ್ಸಲ ಬರ್ತೀರಾ?"

ಹೋದೆ. ಏಕೆ ಹೋದೆನೋ ಇವತ್ತಿಗೂ ತಿಳಿಯದು. ಅವರಿಂದ ಕಲಿತದ್ದನ್ನೆಲ್ಲ ಆ ಹೆಂಗಸಿಗೆ ಹೇಳಿದೆ. ಆಕೆಯ ಉಸಿರು ನಿಧಾನವಾಯಿತು. ಪಕ್ಕದಲ್ಲಿ ನಿಂತಿದ್ದ ಇವರನ್ನು ತೋರಿಸಿ ಕೇಳಿದಳು: "ಇವರನ್ನ ನಂಬಬೋದಾ ಅಮ್ಮ?"

"ನಿನ್ನ ಗಂಡನ್ನ ಇವರಷ್ಟು ಚೆನ್ನಾಗಿ ಯಾರೂ ನೋಡ್ಕೊಳಲ್ಲ" ಎಂದೆ. "ಆದ್ರೆ ನಿನ್ನ ಯಜಮಾನ್ರು ಏನಾದ್ರೂ ಬರೆದ್ರೆ, ಕಾಗದಾನ ನೀನೇ ಈಸ್ಕೊಂಡು ಓದು."

ಇವರು ತಲೆ ತಗ್ಗಿಸಿ, ಒಳಗೆ ಯಂತ್ರದ ಕಡೆ ನಡೆದರು.