ಹಲೋ ಅಜ್ಜಿಯ ಭೂಗೋಳ

ಬೀದಿಯವರೆಲ್ಲ ಆಕೆಯನ್ನು ಕರೆಯುತ್ತಿದ್ದುದು ಹಲೋ ಅಜ್ಜಿ ಎಂದೇ. ಬಾಗಿಲು ಬಡಿದರೂ ಸರಿ, ಬೆನ್ನ ಹಿಂದೆ ಯಾರಾದರೂ ಕೆಮ್ಮಿದರೂ ಸರಿ, ಆಕೆಯ ಬಾಯಿಂದ ಮೊದಲು ಹೊರಡುತ್ತಿದ್ದ ಮಾತು, 'ಹಲೋ, ಹೇಳಿ!' ಮದುವೆಗೆ ಮುಂಚೆಯೇ ಟೆಲಿಫೋನ್ ಎಕ್ಸ್‌ಚೇಂಜಿಗೆ ಸೇರಿ, ಕೂದಲು ನರೆಯುವವರೆಗೂ ಹೊರದೇಶದ ಟ್ರಂಕ್ ಕಾಲ್‌ಗಳನ್ನು ಜೋಡಿಸಿಕೊಟ್ಟ ಹೆಂಗಸು. ಅಭ್ಯಾಸ ಎಲ್ಲಿಗೆ ಹೋದೀತು?

ಮೊಮ್ಮಗಳು ಗುಬ್ಬಿಗೆ ಆ ವರ್ಷ ಉಬ್ಬಸ ಜೋರಾಯಿತು. ಒಂದು ವರ್ಷದ ಮಟ್ಟಿಗೆ ಶಾಲೆ ಬಿಡಿಸಿ, ಮನೆಯಲ್ಲೇ ಓದಿಸಿ ಎಂದರು ಡಾಕ್ಟರು. ಗಣಿತ, ವಿಜ್ಞಾನ ಅಮ್ಮನ ಪಾಲಿಗೆ ಬಂದವು. ಭಾಷೆಗಳನ್ನು ಅಪ್ಪ ವಹಿಸಿಕೊಂಡ. ಪ್ರಪಂಚದ ಭೂಗೋಳ, ದೇಶದೇಶಗಳ ಜನಜೀವನ ಮಾತ್ರ ಯಾರ ತಲೆಗೂ ಅಂಟದೆ ಊಟದ ಮೇಜಿನ ಮೇಲೆ ಹಾಗೇ ಉಳಿಯಿತು.

"ಅತ್ತೆ, ಅದನ್ನ ನೀವು ನೋಡ್ಕೊಳ್ಳಿ," ಎಂದಳು ಸೊಸೆ.

"ನಾನಾ? ಈ ಊರಿನ ಗಡಿ ದಾಟಿದವಳಲ್ಲ ನಾನು. ದೇಶ ಸುತ್ತಲಿಲ್ಲ, ಕೋಶ ಓದಲಿಲ್ಲ."

"ಭೂಮಿ ಗುಂಡಗಿದೆ ಅನ್ನೋದು ಗೊತ್ತಲ್ಲ, ಅಲ್ಲಿಂದ ಶುರು ಮಾಡಿ," ಎಂದು ಸೊಸೆ ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಹೊರಟೇಬಿಟ್ಟಳು.

ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು? ಅಜ್ಜಿ ಬೆನ್ನು ಹರಿದ ಹಳೆಯ ಅಟ್ಲಾಸನ್ನು ಕಪಾಟಿನಿಂದ ಇಳಿಸಿ, ಕನ್ನಡಕ ಒರೆಸಿ ಕೂತರು. ಮೊದಲು ಖಂಡಗಳು, ಆಮೇಲೆ ನದಿಗಳು, ಕೊನೆಗೆ ರಾಜಧಾನಿಗಳು. ತಾವು ಓದಿದ್ದೂ ಹಾಗೇ ತಾನೆ! ವಾರಗಳಿಗೆ ಹಂಚಿ, ಪೆನ್ಸಿಲಿನಿಂದ ಗೆರೆ ಎಳೆದು, ಅಚ್ಚುಕಟ್ಟಾಗಿ ಯೋಜನೆ ಹಾಕಿದರು.

ಯೋಜನೆ ನದಿಯಲ್ಲೇ ಮುಳುಗಿತು. ಎರಡನೆಯ ಪಾಠಕ್ಕೇ ಗುಬ್ಬಿ ದವಡೆ ಕಿತ್ತುಹೋಗುವಂತೆ ಆಕಳಿಸಿದಳು. "ಈ ನದಿ ಎಷ್ಟುದ್ದ ಅಂತ ತಿಳ್ಕೊಂಡು ಏನು ಮಾಡ್ಲಿ ಅಜ್ಜಿ? ಅದಕ್ಕೇನು ಲಂಗ ಹೊಲಿಯೋದಿದ್ಯಾ?"

ಅಜ್ಜಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಪುಟ ತಿರುವಿದಾಗ ಬೆರಳು ಉತ್ತರದ ತುದಿಯ ಒಂದು ಊರಿನ ಮೇಲೆ ನಿಂತುಬಿಟ್ಟಿತು. "ಇಲ್ಲಿ ಈಗ ಇನ್ನೂ ಕತ್ತಲೆ ಇರುತ್ತೆ," ಎಂದರು, ತಮಗೆ ತಾವೇ ಹೇಳಿಕೊಂಡಂತೆ.

"ನೀನು ಅಲ್ಲಿಗೆ ಹೋಗಿದ್ಯಾ?"

"ಇಲ್ಲ ಮಗಾ. ಅಲ್ಲೊಬ್ಬಳು ಇದ್ದಳು."

ಆ ಒಂದು ಮಾತಿಗೆ ಗುಬ್ಬಿಯ ಆಕಳಿಕೆ ಓಡಿಹೋಯಿತು. ಅಜ್ಜಿ ಹೇಳುತ್ತಾ ಹೋದರು. ಎಕ್ಸ್‌ಚೇಂಜಿನ ಉದ್ದನೆಯ ಕೋಣೆ, ಸಾಲಾಗಿ ಎತ್ತರದ ಕುರ್ಚಿಗಳು, ಎದುರಿಗೆ ಜೇನುಗೂಡಿನಂತೆ ತೂತುಗಳೇ ತುಂಬಿದ ಬೋರ್ಡು. ದೀಪ ಮಿಣುಕಿದಲ್ಲಿಗೆ ವೈರು ಚುಚ್ಚಬೇಕು. ಕಿವಿಗೆ ಕಟ್ಟಿದ ಹೆಡ್‌ಫೋನು ಸಂಜೆಯ ಹೊತ್ತಿಗೆ ಕಿವಿಯನ್ನು ಕೆಂಪು ಮಾಡಿರುತ್ತಿತ್ತು. ಲೈನು ಸಿಗುವ ತನಕ ಆಚೆ ತುದಿಯ ಆಪರೇಟರ್ ಜೊತೆ ಹರಕುಮುರುಕು ಇಂಗ್ಲಿಷಿನಲ್ಲಿ ಹರಟೆ. ಹಿಂದೆ ಮೇಲ್ವಿಚಾರಕಿಯ ಚಪ್ಪಲಿ ಟಕ್ ಟಕ್ ಎಂದರೆ ಇಬ್ಬರೂ ಗಪ್‌ಚಿಪ್.

ಉತ್ತರದ ಆ ದನಿ ಹೇಳಿದ್ದನ್ನು ಅಜ್ಜಿ ಮರೆತಿರಲಿಲ್ಲ. ಚಳಿಗಾಲದಲ್ಲಿ ಸೂರ್ಯ ತಲೆಯೆತ್ತುವುದಿಲ್ಲವಂತೆ. ಒಣಹಾಕಿದ ಅಂಗಿ ಹಲಗೆಯಂತೆ ಸೆಟೆದು ನಿಲ್ಲುತ್ತದಂತೆ. ಅಜ್ಜಿಯೂ ಬಿಡಲಿಲ್ಲ, ನಮ್ಮಲ್ಲಿ ಬೇಸಗೆಗೆ ಡಾಂಬರು ಕರಗಿ ಚಪ್ಪಲಿ ರಸ್ತೆಯಲ್ಲೇ ಉಳಿಯುತ್ತದೆ ಎಂದಿದ್ದರು. ಮಗ ಹುಟ್ಟಿ, ರಜೆ ಮುಗಿಸಿ ಬಂದ ದಿನ ಆಕೆ ಲೈನಿನಲ್ಲೇ ಒಂದು ಹಾಡು ಹಾಡಿದ್ದಳು. ಅರ್ಥ ತಿಳಿಯದಿದ್ದರೂ ಅಜ್ಜಿ ರಾಗ ಹಿಡಿದುಕೊಂಡು ಬಂದು ಮಗನನ್ನು ಅದರಲ್ಲೇ ಮಲಗಿಸಿದ್ದರು.

"ಆಮೇಲೆ?"

"ಆಮೇಲೆ ಮಿಷನ್ ಬಂತು. ಜನ ತಾವೇ ನಂಬರ್ ಒತ್ತೋಕೆ ಶುರು ಮಾಡಿದ್ರು. ನಿಮ್ಮಪ್ಪ ಕಾಲೇಜಿಗೆ ಸೇರಿದ್ದನ್ನ ಅವಳಿಗೆ ಹೇಳ್ಬೇಕು ಅಂತ ಬೆಳಿಗ್ಗೆ ಓಡೋಡಿ ಹೋದೆ. ಆ ಸಾಲಿನ ದೀಪಗಳೆಲ್ಲ ಆರಿಹೋಗಿದ್ವು." ಅಜ್ಜಿ ಅಟ್ಲಾಸಿನ ಪುಟದ ಮೂಲೆಯನ್ನು ನೀವಿ ಸರಿ ಮಾಡಿದರು. "ಮುಖ ಹೇಗಿತ್ತೋ ಏನೋ. ದನಿ ಮಾತ್ರ ಇನ್ನೂ ಕಿವೀಲಿದೆ."

ಮರುದಿನ ಅಜ್ಜಿ-ಮೊಮ್ಮಗಳು ಸೇರಿ ಹೊಸ ಯೋಜನೆ ಹಾಕಿದರು. ಯಾವ ದೇಶವಾದರೂ ಸರಿ, ಮೊದಲು ಕೇಳಬೇಕಾದ್ದು ಅಲ್ಲಿ ಈಗ ಎಷ್ಟು ಗಂಟೆ, ಕಿಟಕಿಯಾಚೆ ಏನು ಕಾಣುತ್ತದೆ, ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಮಕ್ಕಳನ್ನು ಹೇಗೆ ಮಲಗಿಸುತ್ತಾರೆ. ನಕಾಶೆ ಆಮೇಲೆ. ನೀರಿನ ನೆಪದಲ್ಲಿ ನದಿಗಳು ತಾವಾಗಿಯೇ ಒಳಗೆ ಬಂದವು. ಅವುಗಳ ಉದ್ದವನ್ನೂ ಗುಬ್ಬಿ ಗೊಣಗದೆ ಕಲಿತಳು.

ಫೋನಿನಲ್ಲಿ ಅಜ್ಜಿಯ ಕಿವಿಗೆ ಬೀಳದಿದ್ದ ದೇಶಗಳಿಗೆ ಗುಬ್ಬಿ ಅಲ್ಲಿಂದ ಬಂದವರನ್ನೇ ಊರಲ್ಲಿ ಹುಡುಕಿದಳು. ಬಂದರಿನ ಊರು, ಹುಡುಕಿದರೆ ಸಿಗದವರುಂಟೇ? ಹಾಗೆ ಒಂದು ಮಧ್ಯಾಹ್ನ, ಚಿಕ್ಕಂದಿನಲ್ಲೇ ಹಡಗಿನಲ್ಲಿ ಈ ಊರು ಸೇರಿದ್ದ ಬೀದಿ ಮೂಲೆಯ ಲಾಂಡ್ರಿಯಾಕೆ ಬಂದು ಕುರ್ಚಿಯ ತುದಿಯಲ್ಲಿ ಮುದುಡಿ ಕೂತಳು. ಆಕೆ ಹುಟ್ಟಿದ್ದು ಉತ್ತರದ ಅದೇ ಸೀಮೆಯಲ್ಲಿ ಎಂದು ತಿಳಿದದ್ದೇ ತಡ, ಅಜ್ಜಿ ಎರಡನೆಯ ಪ್ರಶ್ನೆಗೂ ಕಾಯಲಿಲ್ಲ. ಸಂಕೋಚದಿಂದಲೇ ಆ ರಾಗ ಗುನುಗಿ, "ಇದು ನಿಮ್ಮ ಕಡೆ ಲಾಲಿ ಹಾಡಲ್ವೇನಮ್ಮಾ?" ಎಂದರು.

ಲಾಂಡ್ರಿಯಾಕೆ ಬಾಯಿಗೆ ಕೈ ಅಡ್ಡ ಹಿಡಿದಳು. "ಲಾಲಿ ಅಲ್ಲ ಅಮ್ಮಾ. ಗುಡ್ಡದ ಮೇಲೆ ಮೇಯೋ ದನಗಳನ್ನ ಸಂಜೆ ಮನೆಗೆ ಕರೆಯೋ ಹಾಡು ಅದು. ನಮ್ಮಜ್ಜಿ ಕೂಗ್ತಿದ್ರು."

ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅದಕ್ಕೇ ಗುಬ್ಬೀ, ನಿಮ್ಮಪ್ಪ ಎಲ್ಲಿದ್ರೂ ಹೊತ್ತು ಮುಳುಗೋದ್ರೊಳಗೆ ಮನೆ ಸೇರೋದು!" ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಂಡಷ್ಟೂ ಬಂತು. ಲಾಂಡ್ರಿಯಾಕೆ ಕುರ್ಚಿಯನ್ನು ಹತ್ತಿರಕ್ಕೆಳೆದು, ಹಾಡಿನ ಮಾತುಗಳನ್ನು ಒಂದೊಂದಾಗಿ ಹೇಳಿಕೊಟ್ಟಳು. ಅಜ್ಜಿ ಮೊದಲ ಬಾರಿಗೆ ಅದನ್ನು ಪೂರ್ತಿ ಹಾಡಿದರು.

ವರ್ಷ ಕಳೆಯಿತು. ಉಬ್ಬಸ ಹತೋಟಿಗೆ ಬಂತು, ಗುಬ್ಬಿ ಮರಳಿ ಶಾಲೆಗೆ ಹೋದಳು. ಮನೆ ಭಣಭಣ ಎನ್ನತೊಡಗಿತು. ರಜೆ ಹಾಕಿ ಮನೆಯಲ್ಲಿದ್ದ ಒಂದು ದಿನ ಸೊಸೆ ನೋಡುತ್ತಾಳೆ, ಅತ್ತೆ ಮೇಜಿನ ತುಂಬ ಅಟ್ಲಾಸ್ ಹರಡಿಕೊಂಡು, ದಕ್ಷಿಣದ ಯಾವುದೋ ದ್ವೀಪದ ಮೇಲೆ ಬಗ್ಗಿದ್ದಾರೆ.

"ಇನ್ನು ಯಾರಿಗತ್ತೆ ಪಾಠ?"

"ನನಗೇ ಕಣಮ್ಮಾ. ಸ್ವಲ್ಪ ಆ ಕಡೆ ಸರಿ, ಬೆಳಕಿಗೆ ಅಡ್ಡ ನಿಂತಿದ್ದೀಯ," ಎಂದು ಅಜ್ಜಿ ಪೆನ್ಸಿಲು ಹೆರೆಯತೊಡಗಿದರು.