ಪಿಸ್ಟನ್ ಅಂತ ಹೇಳಿದ ಹಿಡಿಕಿ

ಅಲ್ಯುಮಿನಿಯಂ ಕರಗಿಸಿ ಎರಕ ಹೊಯ್ಯೂದು ನಿವೃತ್ತಿ ಆದಮ್ಯಾಲ ನಾ ಹಚ್ಚಿಕೊಂಡ ಹುಚ್ಚು. ಬೆಳಗಾವಿ ಮನಿ ಹಿತ್ತಲದಾಗ ಸಣ್ಣದೊಂದು ಕುಲುಮಿ ಐತಿ. ಕುಲುಮಿಗಿಂತ ತ್ರಾಸ ಗುಜರಿ ಹುಡುಕೂದು, ಅದಕ್ಕಿಂತ ತ್ರಾಸ ಗುಜರಿ ಮಾರೂ ಮಂದಿ. ಒಬ್ಬಂವ ಕಿಟಕಿ ಪಟ್ಟಿಯೊಳಗ ಕಬ್ಬಿಣದ ಸ್ಕ್ರೂ ಬಿಟ್ಟು ತೂಗತಾನ. ಇನ್ನೊಬ್ಬಂವ ತಳ ತೂತಾದ ಬೋಗೋಣಿ ಹಿಡದು, 'ಸರ, ಇದು ವಿಮಾನದ ಮಾಲು' ಅಂತಾನ. ವಿಮಾನದಾಗ ಅನ್ನಕ್ಕ ಇಟ್ಟಿದ್ದರೇನೋ.

ಖಾನಾಪುರದ ನಮ್ಮ ಅಕ್ಕಗ ಮೊಣಕಾಲ ಬ್ಯಾನಿ. ಮನಿ ಮುಂದಿನ ಐದು ಪಾವಟಿಗಿ ಇಳಿದು ಬಸದಿಗೆ ಹೋಗಬೇಕು. ದರ್ಶನ ಆಗೂತನಕ ಆಕಿ ಬಾಯಾಗ ಹನಿ ನೀರು ಹಾಕೂದಿಲ್ಲ. 'ತಮ್ಮಾ, ಹಿಡಕೊಂಡು ಇಳಿಯಾಕ ಗ್ವಾಡಿಗೆ ಒಂದು ಹಿಡಿಕಿ ಮಾಡಿಕೊಡೊ. ಇಲ್ಲಾಂದ್ರ ನನ್ನ ದರ್ಶನ ತಪ್ಪತೈತಿ' ಅಂದ್ಲು. ಪ್ಯಾಟ್ಯಾಗ ಸ್ಟೀಲಿನವು ಬೇಕಾದಷ್ಟು ಸಿಗತಾವ. ಆದ್ರ ಎರಕ ಹೊಯ್ಯಾಂವ ನಾ ಇರೂವಾಗ ರೊಕ್ಕಾ ಕೊಟ್ಟು ತರಬೇಕೇನು?

ಬೆಳಗಾವಿ ಹೊರಗಿನ ಮಚ್ಛೆಯೊಳಗ ಕಾರ್ಖಾನಿ ಬಾಜೂಕ ಒಬ್ಬ ಗುಜರಿಯಂವ ಅದಾನ. ಹಿಡಿಕಿ ಅಂದಕೂಡ್ಲೆ ಬಾಯಾಗಿನ ಎಲಿ ಅಡಕಿ ಉಗುಳಿ, 'ಕಾಕಾ, ಮನಷಾರು ಹಿಡಕೊಳ್ಳೂದಂದ್ರ ಇಂಜಿನ್ನಿನ ಹಳೇ ಪಿಸ್ಟನ್ ಒಯ್ರಿ, ಗಟ್ಟಿ ಅಲ್ಯುಮಿನಿಯಂ. ಡಬ್ಬಿ ಗಿಬ್ಬಿ ಕರಗಿಸಿದ್ದು ಭಾರ ತಡಿಯಂಗಿಲ್ಲ' ಅಂದ. ಮೂವತ್ತು ವರ್ಷ ಕಾರ್ಖಾನಿ ನಕ್ಷಾ ತೆಗೆದಂವಗ ಸಹಿ ಮಾಡಾಕ ಬರದಂವ ಪಾಠ ಹೇಳಾಕ ನಿಂತ. ಮೈಯೆಲ್ಲಾ ಉರೀತು. ಅವನ ಪಿಸ್ಟನ್ ಅವಗ ಇರಲಿ ಅಂತ ಸ್ಕೂಟರ್ ತಿರಿವಿದೆ.

ಕಣಕುಂಬಿ ಕಡೆ ರಸ್ತಾದ ಬಾಜೂಕ ಗೋವಾಕ್ಕ ಹೋಗಿ ಬರೂ ಶಾಣ್ಯಾರು ಬಿಯರ್ ಡಬ್ಬಿ ಒಗದಿರತಾರ. ಅಡವಿ ಅಂದ್ರ ಅವರಪ್ಪನ ತಿಪ್ಪಿ. ತುಂಬಿದ ಡಬ್ಬಿ ಎತ್ತಾಕ ಕೈ ಗಟ್ಟಿ ಇರತಾವ, ಖಾಲಿ ಡಬ್ಬಿ ಮನೀಗೆ ಒಯ್ಯಾಕ ಸೋತಿರತಾವ. ಅವರಿಗೆ ಬೈಕೋತ ಎರಡು ಚೀಲ ತುಂಬಿದೆ. ಡಬ್ಬ್ಯಾಗ ಮಳಿ ನೀರಿತ್ತು. ಹಸಿ ಉಳಿದ್ರ ಎರಕದಾಗ ತೂತು ಬೀಳತಾವ ಅಂತ ಗೊತ್ತಿದ್ರೂ, ಒಂದು ದಿನ ಬಿಸಲಿಗೆ ಹರವಿ ಸಾಕಂದೆ. ಜೈನರ ಮನ್ಯಾಗ ಬಿಯರ್ ಡಬ್ಬಿ ನೋಡಿ ಹೆಂಡತಿ ಹಿತ್ತಲ ಬಾಗಲಾ ಹಾಕಿಕೊಂಡ್ಲು. ಕರಗಿಸಿದರ ಮುಕ್ಕಾಲು ಭಾಗ ಕಿಟ್ಟ. ಉಳಿದದ್ದನ್ನ ಉಸುಕಿನ ಅಚ್ಚಿಗೆ ಹೊಯ್ದು, ಉಜ್ಜಿ ಉಜ್ಜಿ ಬೆಳ್ಳಿಹಂಗ ಹೊಳಿಸಿದೆ.

ಖಾನಾಪುರಕ್ಕ ಒಯ್ದು ಗ್ವಾಡಿಗೆ ಕೂಡಿಸೂವಾಗ, 'ಯಾತರದ್ದೋ ಇದು?' ಅಂತ ಅಕ್ಕ ಕೇಳಿದ್ಲು.

'ಪಿಸ್ಟನ್ನಿನದು. ಮಚ್ಛೆಯಿಂದ ತಂದದ್ದು' ಅಂದೆ. ಖರೇ ಹೇಳಿದ್ರ ಆಕಿ ಅದನ್ನ ಮುಟ್ಟತಿದ್ದಿಲ್ಲ. ಬಸದಿಗೆ ಹೋಗೂ ಮುಂದ ದಿನಾ ಕುಡುಕರ ಡಬ್ಬಿ ಹಿಡಕೊಂಡು ಇಳೀತಾಳಲ್ಲ ಅಂತ ಒಳಗೊಳಗ ನಗಿ ಬಂತು. ನಾಚಿಕಿ ಬರಲಿಲ್ಲ.

ಹದಿನೈದು ದಿನಕ್ಕ ಮುಂಜಾನೆ ಭಾವನ ಫೋನ್ ಬಂತು. ಹಿಡಿಕಿ ಮುರದು ಅಕ್ಕ ಬಿದ್ದಿದ್ಲು, ಮುಂಗೈ ಮುರದಿತ್ತು. ನಾ ಮುಟ್ಟೂದ್ರಾಗ ದವಾಖಾನಿಯಿಂದ ಪ್ಲಾಸ್ಟರ್ ಹಾಕಿಸಿಕೊಂಡು ಬಂದು ಮಲಗಿದ್ಲು. ದರ್ಶನ ಆಗಿದ್ದಿಲ್ಲ, ಅದಕ್ಕ ಬ್ಯಾನಿ ಗುಳಿಗಿ ನುಂಗಾಕೂ ನೀರು ಮುಟ್ಟಿದ್ದಿಲ್ಲ. ತುಟಿ ಒಣಗಿದ್ದವು. ಮುರದ ತುಂಡು ಅಲ್ಲೇ ಕಿಟಕ್ಯಾಗಿತ್ತು. ಎತ್ತಿ ನೋಡಿದೆ. ಹೊರಗ ಹೊಳಪು, ಒಳಗ ದ್ವಾಸಿಹಂಗ ತೂತು. ನನ್ನಷ್ಟು ಹಲ್ಕಾ ಮನಷಾ ಬೆಳಗಾವಿಯ ಯಾವ ಗುಜರಿ ಅಂಗಡ್ಯಾಗೂ ಸಿಗೂದಿಲ್ಲ ಅನಿಸ್ತು.

ಅಕ್ಕ ನನ್ನ ಮಾರಿ ನೋಡಿ, ಚಲೋ ಇದ್ದ ಕೈಲೆ ನನ್ನ ಕೈ ಹಿಡದ್ಲು.

'ಮನಸ್ಸಿಗೆ ಹಚ್ಚಿಕೋಬ್ಯಾಡ ತಮ್ಮಾ. ನಿನ್ನ ಕೆಲಸದಾಗ ಏನೂ ತಪ್ಪಿಲ್ಲ. ಆ ಮಚ್ಛೆಯಂವ ಖೊಟ್ಟಿ ಮಾಲು ಕೊಟ್ಟು ನಿನಗ ಮೋಸ ಮಾಡ್ಯಾನ. ಹೋಗಿ ಅವಗ ನಾಕು ಮಂದಿ ಮುಂದ ಬೈದು ಬಾ.'

'ಹೂಂ' ಅಂದೆ.