ಜೊಳ್ಳುಗೂಡಿನ ಅಂಗಿ

ಚಿಕ್ಕಲಕ್ಷ್ಮಮ್ಮ ಸೌಮ್ಯಳನ್ನು ಮೊದಲು ನೋಡಿದ್ದು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ನೆಲದ ಮೇಲೆ. ಹರಾಜು ಮುಗಿದು ಜನ ಚದುರುತ್ತಿದ್ದ ಹೊತ್ತು. ಚೂಡಿದಾರದ ಹೆಂಗಸೊಬ್ಬಳು ಮಂಡಿಯೂರಿ, ಗೂಡು ಸುರಿಯುವ ತೊಟ್ಟಿಗಳ ಸಂದಿಗೆ ಕೈ ತೂರಿಸಿ, ಯಾರಿಗೂ ಬೇಡವಾಗಿ ಬಿದ್ದಿದ್ದ ಜೊಳ್ಳುಗೂಡುಗಳನ್ನು ಆಯ್ದು ಊಟದ ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದಳು. ಹಾಕುವ ಮುಂಚೆ ಪ್ರತಿಯೊಂದನ್ನೂ ಎರಡು ಬೆರಳ ನಡುವೆ ಒತ್ತಿ ನೋಡುತ್ತಿದ್ದಳು. ನಡುನಡುವೆ ವೇಲಿಗೆ ಬಾಯಿ ಒತ್ತಿ ಕೆಮ್ಮುತ್ತಿದ್ದಳು.

ಚಿಕ್ಕಲಕ್ಷ್ಮಮ್ಮನ ಗೂಡನ್ನು ಕೊಂಡಿದ್ದ ಅಸ್ಗರ್, ನೂಲು ಬಿಚ್ಚಿಸುವ ಕಾರ್ಖಾನೆಯವನು, ಸುಮ್ಮನಿರಲಿಲ್ಲ.

"ಏನಮ್ಮಾ, ಮಾರ್ಕೆಟ್ ಗುಡಿಸೋ ಕಂಟ್ರಾಕ್ಟು ನಿಂಗೇ ಆಯ್ತಾ?"

"ಅಂಗಿ ಮಾಡ್ತೀನಣ್ಣ."

"ಇದ್ರಾಗಾ? ಇದ್ರಾಗೆ ಒಂದ್ ಗೇಣು ನೂಲೂ ಬರಾಕಿಲ್ಲ."

"ನೂಲು ಯಾರಿಗ್ ಬೇಕು? ಗೂಡೇ ಬೇಕು. ಅರ್ಧರ್ಧ ಕತ್ತರಿಸಿ ಮೀನಿನ ಪೊರೆ ಥರ ಜೋಡಿಸ್ತೀನಿ. ಸೂಪರ್ ಹೀರೋ ಅಂಗಿ."

ಅಸ್ಗರ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಹಾರ್ಕಂಡ್ ಹೋಗೋವಾಗ ನಮ್ ಕಾರ್ಖಾನೆ ಮೇಲೂ ಒಂದ್ ರೌಂಡ್ ಹೊಡಿಯಮ್ಮ."

ಚಿಕ್ಕಲಕ್ಷ್ಮಮ್ಮ ನಗಲಿಲ್ಲ. ಅವಳ ಕಣ್ಣು ಆ ಹೆಂಗಸಿನ ಕೈಯ ಮೇಲಿತ್ತು. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ಗೂಡನ್ನು ಎತ್ತಿಕೊಂಡಳು. "ಒಳಗೆ ಹುಳ ಸತ್ತಿರ್ತದೆ ಕಣವ್ವ. ಹಂಗೇ ಇಕ್ಕಂಡ್ರೆ ನಾತ ಬತ್ತದೆ. ಇಲ್ಲಿ ನೋಡು, ಈ ತುದೀಲಿ, ಒಸಿ ಓರೆಯಾಗಿ ಕತ್ತರಿಸ್ಬೇಕು." ಉಗುರಿನಲ್ಲಿ ಗೆರೆ ಎಳೆದು ತೋರಿಸಿದಳು.

ಆ ಹೆಂಗಸು ಗೆರೆಯನ್ನು ನೋಡಿದಳು, ಮುದುಕಿಯನ್ನು ನೋಡಿದಳು. ಆಮೇಲೆ ಕೇಳಿದಳು: "ಅಜ್ಜಿ, ನಿಮ್ಮೂರಲ್ಲಿ ಹುಳದ ಮನೆ ಬಾಡಿಗೆಗೆ ಸಿಕ್ತದಾ? ಒಂಚೂರೂ ಧೂಳು ಬರ್ದೇ ಇರೋದು?"

ಅದು ಸೌಮ್ಯ ಅವಳನ್ನು ಕೇಳಿದ ಮೊದಲ ಮಾತು.

ಧೂಳು ಬರದ ಹುಳದ ಮನೆ ಕಬ್ಬಾಳಿನಲ್ಲಿ ಒಂದಿದ್ದರೆ ಅದು ಚಿಕ್ಕಲಕ್ಷ್ಮಮ್ಮನದೇ. ಗಂಡ ಬದುಕಿದ್ದಾಗ ಕಟ್ಟಿಸಿದ್ದು. ಹುಳದ ಮೇಲೆ ಮೊಟ್ಟೆಯಿಡುವ ಊಜಿ ನೊಣ ಒಳಗೆ ನುಸುಳದಂತೆ ಕಿಟಕಿಗಳಿಗೆಲ್ಲ ಬಲೆ, ಬಾಗಿಲ ಹಿಂದೆ ಇನ್ನೊಂದು ಬಾಗಿಲು, ಹೆಂಚಿನ ಕೆಳಗೆ ತಟ್ಟಿ, ತಟ್ಟಿಯ ಬಿರುಕಿಗೆ ಸಗಣಿ ಮಣ್ಣು. ಗಂಡ ಹೋದ ಮೇಲೆ ಅವಳು ಹುಳವನ್ನು ಕಡಿಮೆ ಮಾಡಿ, ವಾಸದ ಮನೆಯ ನಡುಮನೆಯಲ್ಲಿ ಕೆಲವೇ ತಟ್ಟೆ ಸಾಕುತ್ತಿದ್ದಳು. ಹುಳದ ಮನೆ ಖಾಲಿ ಬಿದ್ದಿತ್ತು. ಅದರ ಮಗ್ಗುಲಿಗಿದ್ದ ತಣ್ಣನೆಯ ಸೊಪ್ಪಿನ ಕೋಣೆಯನ್ನು ಮಾತ್ರ ಬಳಸುತ್ತಿದ್ದಳು. ಸಂಜೆ ಕೊಯ್ದು ತಂದ ಹಿಪ್ಪುನೇರಳೆ ಸೊಪ್ಪನ್ನು ಒದ್ದೆ ಗೋಣಿಯಡಿ ಬೆಳಗಿನವರೆಗೆ ಅಲ್ಲಿಡುವುದು.

ಸೌಮ್ಯ ಬಂದಾಗ ಒಂದು ಹೊಲಿಗೆ ಮಿಷನ್ನು, ಫೋಮಿನ ಹಾಳೆಗಳ ಸುರುಳಿ, ಅಂಟಿನ ಡಬ್ಬಗಳು, ಬಣ್ಣ ಚಿಮ್ಮಿಸುವ ಸ್ಪ್ರೇ ಡಬ್ಬಿಗಳು, ಒಂದು ಚಾಪೆ ಬಂದವು. ಬೇರೇನೂ ಬರಲಿಲ್ಲ.

ಅವಳ ತವರು ಮಾಗಡಿ ಕಡೆಯ ಗುಡೇಮಾರನಹಳ್ಳಿ, ಉಳುವವರ ಮನೆ. ಕನಕಪುರಕ್ಕೆ ಕೊಟ್ಟಿದ್ದರು. ಗಂಡ ಇನ್ನೊಂದು ಸಂಸಾರ ಹೂಡಿಕೊಂಡ ಕಥೆಯನ್ನು ಅವಳು ಒಂದೇ ಸಲ, ತರಕಾರಿಯ ರೇಟು ಹೇಳಿದಂತೆ ಹೇಳಿ ಮುಗಿಸಿದಳು. ಹಾರೋಹಳ್ಳಿ ಕಡೆಯ ಒಂದು ಗಾರ್ಮೆಂಟ್ಸಿನಲ್ಲಿ ಸೇರಿದಾಗಿನಿಂದ ಅವಳದು ಕಾಲರಿನ ಸಾಲು. ಬೆಳಗಿನಿಂದ ಸಂಜೆಯವರೆಗೆ ಕಾಲರು. ತೋಳು ಬೇರೆಯವರದು, ಗುಂಡಿ ಬೇರೆಯವರದು. ಬಟ್ಟೆಯ ನವಿರು ಧೂಳು ಎದೆಯೊಳಗೆ ಕೂತು, ಉಸಿರು ಕಟ್ಟಿದಾಗ ಎಳೆದುಕೊಳ್ಳುವ ಪಂಪೊಂದು ಅವಳ ಜೊತೆಗಾರನಾಗಿತ್ತು.

"ಇಷ್ಟ್ ವರ್ಷ ಹೊಲ್ದಿದ್ದೀನಜ್ಜಿ, ಒಂದ್ ಪೂರಾ ಅಂಗಿ ಹೊಲ್ದಿಲ್ಲ," ಎಂದಳು ಒಂದು ಭಾನುವಾರ. "ಹೋದ್ ವರ್ಷ ಒಂದ್ ಹೊಲ್ದೆ. ಬೆಂಗಳೂರಿನ ಒಬ್ಬ ಹುಡುಗಂಗೆ. ಸೂಪರ್ ಹೀರೋ ವೇಷ ಹಾಕ್ಕಂಡ್ ಬರೋರ್ದೇ ಒಂದ್ ಮೇಳ ನಡೀತದೆ, ಸ್ಟೇಜ್ ಮೇಲೆ ಹತ್ತುಸ್ತಾರೆ, ಫೋಟೋ ತೆಗೀತಾರೆ. ಅವ್ನಿಗೆ ಫಸ್ಟ್ ಪ್ರೈಜ್ ಬಂತು. ಯಾರ್ ಮಾಡಿದ್ದು ಅಂತ ಮೈಕಲ್ಲಿ ಕೇಳಿದ್ರು. ನಾನೇ ಮಾಡ್ಕಂಡೆ ಅಂದ."

"ನೀನೆಲ್ಲಿದ್ದೆ?"

"ಕೆಳಗೆ. ಅವ್ನ ಚಪ್ಪಲಿ ಹಿಡ್ಕಂಡ್ ನಿಂತಿದ್ದೆ."

ಈ ಸಲ ಹೊಲಿಯುವವಳೂ ತಾನೇ, ತೊಡುವವಳೂ ತಾನೇ. ಯಾವುದೋ ಸಿನಿಮಾದ ಹೀರೋ ಅಲ್ಲ, ತನ್ನದೇ ತಲೆಯಿಂದ ಹುಟ್ಟಿದ್ದು. ಅಡಿಯಿಂದ ಮುಡಿಯವರೆಗೆ ಗೂಡಿನ ಪೊರೆ, ಮುಖಕ್ಕೂ ಅದೇ ಪೊರೆ, ಕಣ್ಣಿಗೆ ಎರಡು ಸೀಳು.

ಜೊಳ್ಳುಗೂಡು ಮೆತ್ತಗಿನದು. ನಿಲ್ಲಬೇಕಾದರೆ ಒಳಕ್ಕೂ ಹೊರಕ್ಕೂ ಅಂಟು ಬಳಿಯಬೇಕು, ಒಣಗಿಸಬೇಕು, ಮತ್ತೆ ಬಳಿಯಬೇಕು, ಮೇಲೆ ಬಣ್ಣ ಚಿಮ್ಮಿಸಬೇಕು. ಹಸಿ ಬಣ್ಣದ ಮೇಲೆ ಧೂಳು ಕೂರಬಾರದೆಂದು ಸೌಮ್ಯ ಕಿಟಕಿಯ ಬಲೆಗಳ ಮೇಲೂ ಪೇಪರು ಅಂಟಿಸಿದಳು. ಕಾರ್ಖಾನೆಯಿಂದ ಬಂದವಳೇ ಬಾಗಿಲ ಹಿಂದಿನ ಬಾಗಿಲನ್ನೂ ಎಳೆದುಕೊಂಡು ಕೂರುತ್ತಿದ್ದಳು.

ಮೊದಲು ಹೋದದ್ದು ಹಲ್ಲಿಗಳು. ಹುಳದ ಮನೆಯ ಗೋಡೆಯಲ್ಲಿ ತಲೆಮಾರಿನಿಂದ ಇದ್ದವು. ಒಂದು ದಿನ ನೋಡಿದರೆ ಒಂದೂ ಇಲ್ಲ. ಆಮೇಲೆ ಹೊಸ್ತಿಲ ಇರುವೆಗಳು ಸಾಲು ಬದಲಿಸಿ ಮನೆಯನ್ನು ಬಳಸಿಕೊಂಡು ಹೋಗತೊಡಗಿದವು. ಸೌಮ್ಯ ತೀರಿಕೊಂಡ ಮೇಲೆ ಆಸ್ಪತ್ರೆಯಲ್ಲಿ ಎಳೆಯ ಡಾಕ್ಟರೊಬ್ಬ "ಯಾವಾಗಿಂದ ಹೀಗಿತ್ತು?" ಎಂದು ಕೇಳಿದಾಗ ಚಿಕ್ಕಲಕ್ಷ್ಮಮ್ಮ ಹಲ್ಲಿಯಿಂದಲೇ ಶುರು ಮಾಡಿದಳು. ಅವನು ಪೆನ್ನು ಹಿಡಿದುಕೊಂಡೇ ಇದ್ದ, ಏನೂ ಬರೆದುಕೊಳ್ಳಲಿಲ್ಲ.

"ಈ ನಾತ ಒಳ್ಳೇದಲ್ಲ ಕಣವ್ವ," ಎಂದು ಹಲ್ಲಿ ಹೋದಾಗಲೇ ಅವಳು ಸೌಮ್ಯಳಿಗೆ ಹೇಳಿದ್ದಳು. "ಒಂದ್ ಕೆಲ್ಸ ಮಾಡಾನ. ಈ ಬೆಳೆ ಗೂಡು ಬರ್ಲಿ. ಮಾರ್ಕೆಟ್ಟಿಗೆ ಹಾಕಾಕಿಲ್ಲ, ನಿಂಗೇ ಕೊಡ್ತೀನಿ. ಗಟ್ಟಿ ಗೂಡು. ಕಲ್ಲಿದ್ದಂಗಿರ್ತವೆ. ಅದಕ್ಕೆ ಅಂಟು ಬ್ಯಾಡ."

ಸೌಮ್ಯಳ ಮುಖ ಅರಳಿತು. "ಟೋಪಿಗೆ ಅದೇ ಹಾಕ್ತೀನಜ್ಜಿ. ಮುಖಕ್ಕೂ. ಅಲ್ಲೀಗಂಟ ಮೈ ಮುಗಿಸ್ತಿರ್ತೀನಿ."

ಹುಳ ಚೆನ್ನಾಗಿ ಬರುತ್ತಿತ್ತು. ನಾಲ್ಕನೇ ಜ್ವರ, ಎಂದರೆ ಪೊರೆ ಬಿಡುವ ಕೊನೆಯ ಸರದಿ, ಕಳೆದು ಎದ್ದಿತ್ತು. ಸೊಪ್ಪು ತಿನ್ನುವ ಸದ್ದು ಹೆಂಚಿನ ಮೇಲೆ ಸೋನೆ ಬಿದ್ದಂತೆ ಕೇಳುತ್ತಿತ್ತು. ಒಂದು ಬೆಳಿಗ್ಗೆ ಸೊಪ್ಪಿನ ಕೋಣೆಯಿಂದ ಸೊಪ್ಪು ತಂದು ಹಾಸಿ, ಚಿಕ್ಕಲಕ್ಷ್ಮಮ್ಮ ಒಲೆ ಹಚ್ಚಲು ಹೋದಳು. ನೀರು ಕಾಯುವುದರೊಳಗೆ ಆ ಸದ್ದು ನಿಂತಿತು.

ಬಂದು ನೋಡಿದಳು. ಹುಳಗಳೆಲ್ಲ ತಲೆ ಎತ್ತಿದ್ದವು. ಜ್ವರಕ್ಕೆ ಕೂತ ಹುಳವೂ ತಲೆ ಎತ್ತುತ್ತದೆ, ಆದರೆ ಅಲುಗುವುದಿಲ್ಲ. ಇವು ಕತ್ತನ್ನು ಎಳೆದೆಳೆದು ಆ ಕಡೆ ಈ ಕಡೆ ಬೀಸುತ್ತಿದ್ದವು, ಏನನ್ನೋ ಹುಡುಕುವಂತೆ. ಬಾಯಲ್ಲಿ ಹಸಿರು ರಸ. ಮಧ್ಯಾಹ್ನದ ಹೊತ್ತಿಗೆ ತಟ್ಟೆಗಳ ಮೇಲೆ ಒಂದೂ ಅಲುಗಲಿಲ್ಲ.

ಅವಳು ಉಳಿದ ಸೊಪ್ಪನ್ನು ಮೂಸಿದಳು. ಸ್ಪ್ರೇ ಡಬ್ಬಿಯ ವಾಸನೆ. ಗೋಡೆಯಾಚೆಯ ಗಾಳಿಯನ್ನು ಸೊಪ್ಪು ಗೋಣಿಯಡಿಯೇ ಕುಡಿದಿತ್ತು.

ಸಂಜೆ ಸೌಮ್ಯ ಬಂದವಳು ತಟ್ಟೆಗಳನ್ನು ನೋಡಿ ಅಲ್ಲೇ ಕುಸಿದು ಕೂತಳು. "ಅಯ್ಯೋ ಅಜ್ಜಿ, ನಿಮ್ ಬೆಳೆ ನಾನ್ ಹಾಳ್ ಮಾಡ್ಬುಟ್ನಲ್ಲ!"

"ಬೆಳೆ ಮನೆ ಹಾಳಾಗ್ಲಿ. ಸೊಪ್ಪು ಅಲ್ಲಿದ್ದಿದ್ದು ಒಂದ್ ರಾತ್ರಿ. ನೀನ್ ಎಷ್ಟ್ ದಿನದಿಂದ ಆ ಕೋಣೇಲಿದ್ದೀಯ? ನಿಲ್ಲಿಸ್ಬುಡು."

ಸೌಮ್ಯ ಕಣ್ಣೊರೆಸಿಕೊಂಡು, ಕೆಮ್ಮು ತಡೆದುಕೊಂಡು, ನಕ್ಕಳು. "ನಾನೇನ್ ಹುಳವಾ ಅಜ್ಜಿ?"

ಗಟ್ಟಿ ಗೂಡು ಇನ್ನು ಬರುವಂತಿರಲಿಲ್ಲ. ಟೋಪಿಗೂ ಮುಖಕ್ಕೂ ಜೊಳ್ಳುಗೂಡೇ ಗತಿಯಾಯಿತು; ಮೈಗಿಂತ ಗಟ್ಟಿ ನಿಲ್ಲಬೇಕೆಂದು ಎರಡರಷ್ಟು ಅಂಟು ಬಿತ್ತು.

ಸೌಮ್ಯ ಮೊದಲ ಸಲ ಅಂಗಿ ತೊಟ್ಟು ಅಂಗಳಕ್ಕೆ ಬಂದಾಗ, ಬೀಡಿಗೆ ಬೆಂಕಿ ಕೇಳಲು ಬಂದಿದ್ದ ಪಕ್ಕದ ಮನೆಯ ಮುನಿಶಾಮಯ್ಯ ಬೇಲಿಯವರೆಗೆ ಹಿಂದೆ ಸರಿದ. ಕಡುನೀಲಿ ಪೊರೆ ಬಿಸಿಲಿಗೆ ಮಿರುಗುತ್ತಿತ್ತು. ಮುಖವಿಲ್ಲದ ಮುಖ ಅವನ ಕಡೆ ತಿರುಗಿತು.

"ಇದ್ಯಾವ ಗ್ರಾಚಾರ ಕಣಮ್ಮಿ?"

"ಸೂಪರ್ ಹೀರೋ ತಾತ." ದನಿ ಬಾವಿಯೊಳಗಿಂದ ಬಂದಂತಿತ್ತು.

"ಯಾರನ್ನ ಕಾಪಾಡ್ತದೆ?"

"ಮೊದ್ಲು ನನ್ನ ಕಾಪಾಡ್ಲಿ. ಆಮೇಲ್ ನಿಮ್ ಸರದಿ."

ಮುನಿಶಾಮಯ್ಯ ಮೂಗು ಮುಚ್ಚಿಕೊಂಡು ಬೆಟ್ಟದ ಕಡೆ ಗದ್ದ ಎತ್ತಿ ತೋರಿಸಿದ. "ಅರಸರ ಕಾಲ್ದಲ್ಲಿ ಆ ದುರ್ಗದ ಮೇಲೆ ಸೆರೆ ಹಾಕ್ತಿದ್ರಂತೆ. ಕೊಲ್ಲಾಕೆ ಕತ್ತಿ ಬೇಕಿರ್ನಿಲ್ವಂತೆ, ಅಲ್ಲಿನ್ ಗಾಳಿ ನೀರೇ ಸಾಕಂತೆ. ನಮ್ ಲಕ್ಷ್ಮಮ್ಮ ಈಗ ಆ ಗಾಳೀನ ಕೆಳಗಿಳ್ಸವ್ಳೆ."

ಅವನು ನಕ್ಕ. ಚಿಕ್ಕಲಕ್ಷ್ಮಮ್ಮನಿಗೆ ನಗು ಬರಲಿಲ್ಲ. ಅವಳು ಅಂಗಿಯನ್ನು ಸುತ್ತಿ ನೋಡುತ್ತಿದ್ದಳು. ಬೆನ್ನಿಗೆ ಉದ್ದಕ್ಕೂ ಲಾಡಿ. ಟೋಪಿ ಬಂದು ಕೂರುವಲ್ಲಿ ಕಾಲರು, ಅಂಥ ಕಾಲರನ್ನು ಅವಳು ಕಂಡೇ ಇರಲಿಲ್ಲ, ಒಂದು ಎಳೆ ಆಚೀಚೆಯಿಲ್ಲ. ಕಾಲರಿನ ಹಿಂದೆ, ಕತ್ತಿನ ಮೇಲೆ, ತಾನೇ ಸಿಕ್ಕಿಸಿಕೊಟ್ಟ ಎರಡು ಕೊಂಡಿ. ತೊಟ್ಟವಳ ಕೈಗೆ ಅವು ಎಟುಕುತ್ತಿರಲಿಲ್ಲ.

"ಜೇಬೆಲ್ಲವ್ವ? ಪಂಪು ಎಲ್ಲಿಟ್ಕಂಡೀಯ?"

"ಸೂಪರ್ ಹೀರೋಗೆ ಜೇಬಿರಲ್ಲಜ್ಜಿ. ನೀವ್ ಇಟ್ಕಳಿ. ನೀವೇ ಬರ್ಬೇಕು. ಹಾಕೋಕೂ ನೀವೇ, ಬಿಚ್ಚೋಕೂ ನೀವೇ. ಬೇರೆ ಯಾರವ್ರೆ ನಂಗೆ?"

ಮುದುಕಿಗೆ ಸಿಕ್ಕ ಹಿಡಿತ ಅದೊಂದೇ. "ಬತ್ತೀನಿ. ಆದ್ರೆ ಪೇಪರ್ ಕಿತ್ತಾಕು. ಕಿಟಕಿ ತೆಗಿ. ಇನ್ನೊಂದು ಡಬ್ಬಿ ಒತ್ತಿದ್ರೆ ನಾನ್ ಬರಾಕಿಲ್ಲ."

ಸೌಮ್ಯ ಒಪ್ಪಿದಳು. ಅವಳ ಎದುರಿಗೇ ಪೇಪರು ಕಿತ್ತಳು. ಎರಡು ದಿನ ಕಿಟಕಿ ತೆಗೆದಿತ್ತು, ಕೆಮ್ಮೂ ತಗ್ಗಿತ್ತು. ಮೂರನೇ ದಿನ ಊರಿನ ದೇವಸ್ಥಾನಕ್ಕೆ ಬಂದ ಬಸ್ಸುಗಳ ಧೂಳೆಲ್ಲ ಕಬ್ಬಾಳಿನ ಮೇಲೆ ಎದ್ದು ನಿಂತಿತು. ಸಂಜೆ ಚಿಕ್ಕಲಕ್ಷ್ಮಮ್ಮ ಹಿತ್ತಲಿಗೆ ಹೋದಾಗ ಕಿಟಕಿ ಬೆಳ್ಳಗಿತ್ತು. ಮುಟ್ಟಿ ನೋಡಿದಳು. ಪೇಪರಿನ ಅಂಟು ಇನ್ನೂ ಹಸಿ.

"ಸೌಮ್ಯಾ!"

ಒಳಗೆ ಕೆಮ್ಮು. ಬಹಳ ಹೊತ್ತು ಕೆಮ್ಮು. ಆಮೇಲೆ ದನಿ: "ಟೋಪಿ ಮೇಲೆ ಧೂಳ್ ಕೂತ್ಬುಡ್ತು ಅಜ್ಜಿ. ಇದೊಂದ್ ಕೋಟು. ಇದೊಂದೇ."

ಚಿಕ್ಕಲಕ್ಷ್ಮಮ್ಮ ಬೆರಳು ಹಾಕಿ ಪೇಪರನ್ನು ಮೂಲೆಯಿಂದ ಮೂಲೆಗೆ ಹರಿದಳು. ಹೊರಗೆ ಬಂದ ಗಾಳಿಗೆ ಅವಳ ಕಣ್ಣಲ್ಲಿ ನೀರು ಬಂತು. ಒಳಗೆ ಟೋಪಿ ಆಗಲೇ ಹೊಸ ಬಣ್ಣದಲ್ಲಿ ಹೊಳೆಯುತ್ತಿತ್ತು. ಬರುವುದಿಲ್ಲವೆಂದು ಅವಳು ಹೇಳಬಹುದಿತ್ತು. ಆದರೆ ತಾನು ಹೋಗದಿದ್ದರೂ ಇವಳು ಹೋಗುತ್ತಾಳೆ, ಬಿಚ್ಚುವ ಕೈ ಯಾವುದೋ ಏನೋ. ತಾನೇ ಹೋಗುವುದೆಂದುಕೊಂಡಳು.

ಬೆಂಗಳೂರಿನ ಆ ಮೇಳದ ಸಭಾಂಗಣದಲ್ಲಿ ರೆಕ್ಕೆಯವರು, ಕೊಂಬಿನವರು, ಬಾಲದವರು ಕಾಫಿ ಹಿಡಿದು ಓಡಾಡುತ್ತಿದ್ದರು. ಬಾಗಿಲಲ್ಲಿ ಕಾವಲಿನವನು ಚಿಕ್ಕಲಕ್ಷ್ಮಮ್ಮನ ಚೀಲದಿಂದ ಕತ್ತರಿಯನ್ನು ತೆಗೆದಿಟ್ಟುಕೊಂಡ. ಚೂಪಾದದ್ದು ಒಳಗೆ ಬಿಡುವಂತಿಲ್ಲವಂತೆ. ಪಂಪನ್ನು ಅವಳು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳು. ಲಾಡಿ ಬಿಗಿದಳು, ಟೋಪಿ ಇಟ್ಟಳು, ಎರಡೂ ಕೊಂಡಿ ಸಿಕ್ಕಿಸಿದಳು. ಎರಡನೆಯದು ಯಾಕೋ ಜಿಗುಟಾಗಿತ್ತು.

ಸೌಮ್ಯ ನಾಲ್ಕು ಹೆಜ್ಜೆ ಇಟ್ಟಿದ್ದಳೋ ಇಲ್ಲವೋ, ಜನ ಮುತ್ತಿಕೊಂಡರು. ಫೋಟೋ, ಫೋಟೋ. ಯಾರೋ ಪೊರೆಯನ್ನು ಮುಟ್ಟಿ ಇದೇನು ಪ್ಲಾಸ್ಟಿಕ್ಕಾ ಎಂದರು. "ರೇಷ್ಮೆಗೂಡು," ಎಂದಳು ಚಿಕ್ಕಲಕ್ಷ್ಮಮ್ಮ. ಕೇಳಿದವರು ನಂಬಲಿಲ್ಲ.

ಸ್ಟೇಜಿನ ಮೇಲೆ ಸೌಮ್ಯಳ ಸರದಿ ಬಂತು. ಬೆಳಕು ಬಿದ್ದಾಗ ಸಭೆಗೆ ಸಭೆಯೇ ಸದ್ದಡಗಿತು. ಎದೆಯ ನೀಲಿ ಪೊರೆಗಳು ಏರುತ್ತಿದ್ದವು, ಇಳಿಯುತ್ತಿದ್ದವು. ಬಹಳ ಬೇಗ ಏರುತ್ತಿದ್ದವು. ಅದು ವೇಷದ ಚಮತ್ಕಾರವೆಂದು ಜನ ಶಿಳ್ಳೆ ಹೊಡೆದರು. ಮೈಕಿನವನು ಇಂಗ್ಲಿಷಿನಲ್ಲಿ ಏನೋ ಕೇಳಿ, ಆಮೇಲೆ ಕನ್ನಡದಲ್ಲಿ ಕೇಳಿದ: "ಇದನ್ನ ಮಾಡಿದ್ದು ಯಾರು?"

ಟೋಪಿಯೊಳಗೆ ಏನೋ ಅಂದಂತಾಯಿತು. ಯಾರಿಗೂ ಕೇಳಲಿಲ್ಲ. ಮೈಕಿನವನು ಮತ್ತೆ ಕೇಳಿದ. ಪೊರೆ ತೊಟ್ಟ ಕೈ ಎದೆಯವರೆಗೆ ಎದ್ದು ಅಲ್ಲೇ ನಿಂತಿತು.

ಕೆಳಗಿನಿಂದ ಚಿಕ್ಕಲಕ್ಷ್ಮಮ್ಮ ಹೊಲದಾಚೆಗೆ ಕೂಗುವಂತೆ ಕೂಗಿದಳು: "ಸೌಮ್ಯ! ಗುಡೇಮಾರನಹಳ್ಳಿ ಸೌಮ್ಯ! ಒಂದೊಂದ್ ಹೊಲಿಗೇನೂ ಅವ್ಳದೇ!"

ಸಭೆ ನಕ್ಕಿತು, ಆಮೇಲೆ ಚಪ್ಪಾಳೆ ಹೊಡೆಯಿತು. ಚಪ್ಪಾಳೆ ನಿಲ್ಲುವ ಮೊದಲೇ ಸೌಮ್ಯ ಮೆಟ್ಟಿಲಿಳಿದು ಬಂದು ಮುದುಕಿಯ ಹೆಗಲಿಗೆ ಬಿದ್ದಳು.

ಮೊದಲ ಕೊಂಡಿ ಬಂತು. ಎರಡನೆಯದು ಬರಲಿಲ್ಲ. ಕೊನೆಯ ಕೋಟಿನ ಬಣ್ಣ ಕೊಂಡಿಯನ್ನೂ ಕಾಲರನ್ನೂ ಒಂದು ಮಾಡಿತ್ತು. ಚಿಕ್ಕಲಕ್ಷ್ಮಮ್ಮ ಉಗುರು ಹಾಕಿದಳು, ಹಲ್ಲು ಹಾಕಿದಳು, "ಕತ್ತರಿ ತನ್ರಪ್ಪೋ, ಕತ್ತರಿ!" ಎಂದು ಅರಚಿದಳು. ಸುತ್ತ ನಿಂತವರು ಫೋನು ಎತ್ತಿ ಹಿಡಿದಿದ್ದರು. ಗೂಡಿನ ಮೇಲಿನ ನವಿರೆಳೆಯ ಜಾಡು ಬಿಡಿಸುವ ಹಾಗೆ ಪದರ ಪದರವಾಗಿ ಸುಲಿದು, ಉಗುರು ಕಿತ್ತು ರಕ್ತ ಬಂದ ಮೇಲೆ, ಕಾಲರು ಹರಿದು ಟೋಪಿ ಕಳಚಿತು.

ಸೌಮ್ಯಳ ತುಟಿ ಪೊರೆಯ ಬಣ್ಣಕ್ಕೆ ತಿರುಗಿತ್ತು. ಚಿಕ್ಕಲಕ್ಷ್ಮಮ್ಮ ಸೆರಗಿನ ಗಂಟು ಬಿಚ್ಚಿ ಪಂಪನ್ನು ಅವಳ ಬಾಯಿಗೆ ಹಿಡಿದಳು. ಒತ್ತಿದಳು, ಮತ್ತೆ ಒತ್ತಿದಳು. ಸೌಮ್ಯ ಎಳೆದುಕೊಂಡಳು, ಅದು ಒಳಗೆ ಹೋಗಲಿಲ್ಲ. ಯಾರೋ ಆಂಬುಲೆನ್ಸಿಗೆ ಓಡಿದರು. ಮುದುಕಿಯ ತೊಡೆಯ ಮೇಲೆ ಅವಳು ಕತ್ತನ್ನು ಉದ್ದಕ್ಕೆ ಎಳೆದು, ಮುಖವನ್ನು ಮೇಲೆತ್ತಿ, ಆ ಕಡೆ ಈ ಕಡೆ ಬೀಸುತ್ತಿದ್ದಳು. ನಡುವೆ ಒಂದು ಗಳಿಗೆ ನಿಲ್ಲಿಸಿ, ಚಿಕ್ಕಲಕ್ಷ್ಮಮ್ಮನ ಕಣ್ಣನ್ನೇ ನೋಡಿದಳು.

"ಅಜ್ಜಿ," ಎಂದಳು. "ಹುಳ ಹಿಂಗೇ ತಲೆ ಎತ್ತಿದ್ವಾ?"